ಕಮಾನು ಬಿಟ್ಟು ಕಾಲುವೆ ನೋಡಿ

ಪ್ರಶ್ನೆ: ಬೀದರಿನಿಂದ ಇತಿಹಾಸದ ವಿದ್ಯಾರ್ಥಿಗಳು ಅಧ್ಯಯನ ಪ್ರವಾಸಕ್ಕೆ ರೋಮ್‌ಗೆ ಹೊರಟಿದ್ದೇವೆ. ಪ್ರಾಚೀನ ಮೇಲ್ಗಾಲುವೆಗಳಲ್ಲಿ (ಅಕ್ವಿಡಕ್ಟ್) ಏನನ್ನು ಗಮನಿಸಬೇಕು? ನಮ್ಮ ನೌಬಾದಿನ ಕರೇಜಿಗೂ (ನೆಲದಡಿಯ ನೀರಿನ ಸುರಂಗ) ಅವಕ್ಕೂ ಹೋಲಿಕೆ ಇದೆಯೇ?
– ಓದುಗರು, ಬೀದರ್

ಉತ್ತರ: ಇದೆ, ಆದರೆ ಅದು ಕಾಣುವುದು ಕಮಾನಿನಲ್ಲಲ್ಲ. ಕ್ರಿ.ಪೂ. 144ರಲ್ಲಿ ಆರಂಭವಾದ ರೋಮಿನ ಮೇಲ್ಗಾಲುವೆ ಅಕ್ವಾ ಮಾರ್ಸಿಯಾ ಸುಮಾರು 91 ಕಿ.ಮೀ. ಉದ್ದವಿತ್ತು. ಅದರಲ್ಲಿ 80 ಕಿ.ಮೀ.ಯಷ್ಟು ನೆಲದಡಿಯಲ್ಲೇ ಹರಿಯುತ್ತಿತ್ತು. ಹೂಳೆತ್ತಲು ಕರೇಜಿನಂತೆಯೇ ಮೇಲಿಂದ ಬಾವಿಗಂಡಿಗಳಿದ್ದವು. ವ್ಯತ್ಯಾಸ ನೀರಿನ ಮೂಲದ್ದು. ಕರೇಜಿನ ಸುರಂಗಕ್ಕೆ ಅಂತರ್ಜಲ ಜಿನುಗಿ ಬರಬೇಕು, ಅಲ್ಲಿ ಗಾರೆ ಬಳಿದರೆ ಕೆಲಸವೇ ಕೆಟ್ಟಿತು. ರೋಮನ್ನರು ತಂದದ್ದು ಹೆಚ್ಚಾಗಿ ದೂರದ ಊಟೆಯ ನೀರು, ಅದು ಸೋರಬಾರದು. ಅದಕ್ಕೇ ಸುಣ್ಣಕ್ಕೆ ಮಡಕೆಚೂರಿನ ಪುಡಿ ಬೆರೆಸಿ ಒಳಗೋಡೆಗೆ ಬಳಿದರು, ನಮ್ಮ ಸುರ್ಕಿ ಗಾರೆಯ ಹಾಗೆ.

ಮೆಟ್ರೋ 'ಎ' ಮಾರ್ಗದಲ್ಲಿ ಜೂಲಿಯೋ ಅಗ್ರಿಕೋಲಾ ನಿಲ್ದಾಣದಲ್ಲಿಳಿದು ಮೇಲ್ಗಾಲುವೆಗಳ ಉದ್ಯಾನಕ್ಕೆ ನಡೆಯಿರಿ. ಎತ್ತರದ ಕಮಾನುಗಳು ಕ್ರಿ.ಶ. 38–52ರ ಅಕ್ವಾ ಕ್ಲಾಡಿಯಾದವು. ಪಕ್ಕದ ಗಿಡ್ಡ ಸಾಲನ್ನೂ ರೋಮನ್ನರದೆಂದು ಟಿಪ್ಪಣಿ ಬರೆದುಕೊಳ್ಳುವವರುಂಟು. ಅದು 16ನೇ ಶತಮಾನದಲ್ಲಿ ಪೋಪ್ ಕಟ್ಟಿಸಿದ ಅಕ್ವಾ ಫೆಲಿಚೆ. ಬಿಸಿಲಿಗೆ ಟೋಪಿ ಇರಲಿ.

ಒಂದೇ ಜಾಗಕ್ಕೆ ಸಮಯವಿದ್ದರೆ ರೋಮಿನ ಹಳೆಯ ದ್ವಾರ ಪೋರ್ತಾ ಮಾಜೋರೆ ಎಂದೇ ಹೇಳುತ್ತೇವೆ. ದ್ವಾರದ ನೆತ್ತಿಯಲ್ಲಿ ಎರಡು ಕಾಲುವೆಗಳು ಒಂದರ ಮೇಲೊಂದು ಸೀಳಿಟ್ಟಂತೆ ಕಾಣುತ್ತವೆ: ಕೆಳಗೆ ಕ್ಲಾಡಿಯಾ, ಮೇಲೆ ಅನಿಯೋ ನೋವುಸ್.

ಇಳಿಜಾರಿನ ಲೆಕ್ಕವನ್ನೂ ಮಾಡಿ. ರೋಮನ್ನರೇ ಕಟ್ಟಿದ ಫ್ರಾನ್ಸಿನ ನೀಮ್ ನಗರದ ಕಾಲುವೆ 50 ಕಿ.ಮೀ.ಗೆ ಇಳಿದದ್ದು ಸುಮಾರು 12.6 ಮೀಟರ್, ಅಂದರೆ ಕಿ.ಮೀ.ಗೆ ಗೇಣುದ್ದಕ್ಕಿಂತ ತುಸು ಹೆಚ್ಚು. ಇಳಿಜಾರು ಜಾಸ್ತಿಯಾದರೆ ನೀರು ಗಾರೆಯನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಗಡಸು ನೀರಾದ್ದರಿಂದ ಗೋಡೆಗೆ ಸುಣ್ಣದ ಪದರವೂ ಕಟ್ಟುತ್ತಿತ್ತು, ಕೆರೆದು ತೆಗೆಯದಿದ್ದರೆ ಕಾಲುವೆಯೇ ಕಿರಿದಾಗುತ್ತಿತ್ತು.