ಬ್ಯಾಂಕಾಕ್‌ಗೆ ಮೊದಲ ಸಲ: ರಸ್ತೆ ಬಿಡಿ, ಹಳಿ ಹಿಡಿಯಿರಿ

ಬ್ಯಾಂಕಾಕ್‌ಗೆ ಮೊದಲ ಬಾರಿ ಹೊರಟವರ, ಹೋಗಿ ಬಂದ ಮೇಲೂ ತಲೆ ಕೆರೆದುಕೊಳ್ಳುತ್ತಿರುವವರ ಪತ್ರಗಳಿಂದ ಆಯ್ದ ಪ್ರಶ್ನೆಗಳಿವು. ಒಂದು ಬಾತ್ ಎಂದರೆ ಎರಡೂವರೆ–ಮೂರು ರೂಪಾಯಿ ಎಂದಿಟ್ಟುಕೊಳ್ಳಿ. ದರಗಳು ಆಗಾಗ ಏರುತ್ತವೆ, ಸ್ವಲ್ಪ ಹೆಚ್ಚೇ ಹಿಡಿಯಿರಿ.

ವಿಮಾನ ಬೆಳಗಿನ ಜಾವ ಸುವರ್ಣಭೂಮಿಯಲ್ಲಿ ಇಳಿಯುತ್ತದೆ. ಊರೊಳಕ್ಕೆ ರೈಲೋ ಟ್ಯಾಕ್ಸಿಯೋ? — ದಾವಣಗೆರೆ

ತಲೆಗೊಂದು ಬ್ಯಾಗಷ್ಟೇ ಇದ್ದರೆ ರೈಲು. ನೆಲಮಾಳಿಗೆಯಿಂದ ಹೊರಡುವ ಏರ್‌ಪೋರ್ಟ್ ರೈಲ್ ಲಿಂಕ್ 45 ಬಾತ್‌ಗೆ ಅರ್ಧ ಗಂಟೆಯಲ್ಲಿ ಫಯಾ ಥಾಯ್ ನಿಲ್ದಾಣ ಮುಟ್ಟಿಸುತ್ತದೆ. ಅಲ್ಲಿಂದ ಬಿಟಿಎಸ್ ಎಂಬ ಮೇಲುಹಳಿಯ ಮೆಟ್ರೊ ಹಿಡಿಯಬಹುದು. ಮೊದಲ ಗಾಡಿ ಸುಮಾರು ಐದೂವರೆಗೆ. ಅದಕ್ಕೂ ಮುಂಚೆ ಇಳಿದರೆ ಕಾಯಬೇಕು.

ಮನೆಮಂದಿ, ದೊಡ್ಡ ಪೆಟ್ಟಿಗೆಗಳು ಇದ್ದರೆ ಟ್ಯಾಕ್ಸಿಯೇ ಸರಿ. ಒಂದನೇ ಮಹಡಿಯ ಯಂತ್ರ ಕೊಡುವ ಚೀಟಿಯಲ್ಲಿ ಯಾವ ಸಂಖ್ಯೆಯ ಸಾಲಿಗೆ ಹೋಗಬೇಕೆಂದು ಇರುತ್ತದೆ. ಆ ಚೀಟಿ ನಿಮ್ಮ ಬಳಿಯೇ ಇರಲಿ, ದೂರು ಕೊಡಬೇಕಾದರೆ ಅದೇ ಆಧಾರ. ಮೀಟರ್ 35 ಬಾತ್‌ನಿಂದ ಶುರು. ಅದರ ಮೇಲೆ ವಿಮಾನ ನಿಲ್ದಾಣದ ಹೆಚ್ಚುವರಿ ಶುಲ್ಕವನ್ನೂ ಎಕ್ಸ್‌ಪ್ರೆಸ್‌ವೇ ಟೋಲನ್ನೂ ನೀವೇ ಕೊಡಬೇಕು. ಇದು ಮೋಸವಲ್ಲ, ನಿಯಮ. "ಮೀಟರ್ ಬೇಡ, ಇಷ್ಟು ಕೊಡಿ" ಎಂದರೆ ಮಾತ್ರ ಇಳಿದುಬಿಡಿ. ಊರಲ್ಲಿ ಹೋಟೆಲ್ ಮುಂದೆ ನಿಂತ ಟ್ಯಾಕ್ಸಿಗಿಂತ ರಸ್ತೆಯಲ್ಲಿ ಓಡುತ್ತಿರುವ ಟ್ಯಾಕ್ಸಿಗೆ ಕೈ ಅಡ್ಡ ಹಾಕುವುದು ಲೇಸು. ನಿಂತವನು ಗಿರಾಕಿಗಾಗಿ ಕಾದಿರುತ್ತಾನೆ, ಕಾದ ಹೊತ್ತಿನದ್ದನ್ನೂ ನಿಮ್ಮಿಂದಲೇ ವಸೂಲು ಮಾಡುತ್ತಾನೆ.

ಚಾಲಕನಿಗೆ "ಸುವರ್ಣಭೂಮಿ" ಎಂದರೆ ಅರ್ಥವಾಗದು. ಬರೆಯುವುದು ಸಂಸ್ಕೃತದಂತೆ, ಓದುವುದು "ಸುವನ್ನಪೂಮ್". ಸ್ವಸ್ತಿ ಅಲ್ಲಿ "ಸವಾತ್‌ದೀ" ಆಗಿದೆ, ಸಂಕ್ರಾಂತಿ "ಸೊಂಗ್‌ಕ್ರಾನ್" ಆಗಿದೆ.

ನಮ್ಮ ಹೋಟೆಲ್ ಸುಖುಮ್ವಿತ್ ಸೋಯ್ 38ರಲ್ಲಿ, ನೆಂಟರ ಮನೆ ಸೋಯ್ 55ರಲ್ಲಿ. ನಡುವೆ ಎಷ್ಟು ದೂರ? — ಶಿವಮೊಗ್ಗ

ರಸ್ತೆ ದಾಟಿದರೆ ಆಯಿತು! ಸುಖುಮ್ವಿತ್ ಮುಖ್ಯರಸ್ತೆ, ಸೋಯ್ ಎಂದರೆ ನಮ್ಮ ಕ್ರಾಸ್ ಇದ್ದಂತೆ. ಸಮಸಂಖ್ಯೆಗಳು ಒಂದು ಬದಿ, ಬೆಸಸಂಖ್ಯೆಗಳು ಇನ್ನೊಂದು ಬದಿ; ಎರಡೂ ಬದಿಯ ಎಣಿಕೆ ತಮ್ಮ ಪಾಡಿಗೆ ತಾವು ಸಾಗುತ್ತವೆ. ಒಂದು ಬದಿಯಲ್ಲಿ ಕ್ರಾಸ್‌ಗಳು ಹೆಚ್ಚಿರುವುದರಿಂದ 38ರ ಎದುರಿಗೇ 55 ಬಂದಿದೆ. ಎರಡಕ್ಕೂ ಬಿಟಿಎಸ್‌ನ ಥಾಂಗ್ ಲೋ ನಿಲ್ದಾಣದಲ್ಲೇ ಇಳಿಯಿರಿ.

ಬಹಳಷ್ಟು ಸೋಯ್‌ಗಳಿಗೆ ಹಿಂದಿನಿಂದ ದಾರಿಯಿಲ್ಲ. ಎಲ್ಲ ಕಾರುಗಳೂ ಅದೇ ಬಾಯಿಂದ ಮುಖ್ಯರಸ್ತೆಗೆ ಬಂದು ಬೀಳಬೇಕು. ಸಂಜೆ ಹೊತ್ತು ಎರಡು ಕಿಲೋಮೀಟರ್‌ಗೆ ಮುಕ್ಕಾಲು ಗಂಟೆ ಹಿಡಿಯುವುದು ಇದರಿಂದಲೇ. ಸೋಯ್ ಬಾಯಲ್ಲಿ ಕಿತ್ತಳೆ ಜಾಕೆಟ್ ತೊಟ್ಟ ಬೈಕ್ ಟ್ಯಾಕ್ಸಿಯವರು ನಿಂತಿರುತ್ತಾರೆ. ಒಳಗಿನ ಒಂದು ಕಿಲೋಮೀಟರ್‌ಗೆ ಅವರೇ ಗತಿ. ಹೆಲ್ಮೆಟ್ ಕೇಳಿ ಪಡೆಯಿರಿ.

ಮೆಟ್ರೊ ಟಿಕೆಟ್ ತೆಗೆದರೂ ಗೇಟು ತೆರೆಯಲಿಲ್ಲ, ಯಾಕೆ? — ಮೈಸೂರು

ಬಹುಶಃ ಒಂದರ ಟಿಕೆಟ್ ಇನ್ನೊಂದರ ಗೇಟಿಗೆ ಹಾಕಿದ್ದೀರಿ. ಮೇಲೆ ಓಡುವ ಬಿಟಿಎಸ್ 1999ರಲ್ಲಿ ಬಂತು, ಬಹುಪಾಲು ನೆಲದಡಿ ಓಡುವ ಎಂಆರ್‌ಟಿ 2004ರಲ್ಲಿ. ಎರಡೂ ಬೇರೆ ಬೇರೆ ಸಂಸ್ಥೆಗಳವು. ಬಿಟಿಎಸ್‌ನ ಒಂದು ಪ್ರಯಾಣದ ಟಿಕೆಟ್ ತೆಳ್ಳನೆಯ ಕಾರ್ಡು. ಎಂಆರ್‌ಟಿಯದು ನಮ್ಮ ಮೆಟ್ರೊದಂತೆ ದುಂಡನೆಯ ಟೋಕನ್. ಸಾಲದ್ದಕ್ಕೆ ಒಂದೇ ಜಾಗದಲ್ಲಿರುವ ಎರಡು ನಿಲ್ದಾಣಗಳಿಗೆ ಎರಡು ಹೆಸರು: ಬಿಟಿಎಸ್‌ನ ಅಸೋಕ್ ಎಂಆರ್‌ಟಿಯಲ್ಲಿ ಸುಖುಮ್ವಿತ್, ಸಾಲಾ ದೇಂಗ್ ಅಲ್ಲಿ ಸೀಲೋಮ್. ಪ್ರವಾಸಿಯನ್ನು ಗೋಳು ಹುಯ್ದುಕೊಳ್ಳಲೆಂದೇ ಇಟ್ಟಂತಿದೆ.

ಎಂಆರ್‌ಟಿ ಗೇಟಿಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ತಾಕಿಸಿದರೂ ನಡೆಯುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರ, ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಊರಲ್ಲೇ ಆನ್ ಮಾಡಿರಿ. ಒಳಗೆ ಹೋಗುವಾಗ ತಾಕಿಸಿದ ಕಾರ್ಡನ್ನೇ ಹೊರಬರುವಾಗಲೂ ತಾಕಿಸಬೇಕು, ಒಬ್ಬರಿಗೆ ಒಂದು ಕಾರ್ಡು.

ಹಳೇ ಊರಿಗೆ ಮಾತ್ರ ನದಿಯೇ ಚೆಂದ. ಸಫಾನ್ ತಕ್ಸಿನ್ ಬಿಟಿಎಸ್ ಇಳಿದರೆ ಕೆಳಗೇ ಸಾಥೋರ್ನ್ ದೋಣಿಕಟ್ಟೆ. ಕಿತ್ತಳೆ ಬಾವುಟದ ದೋಣಿ ಕೇಳಿ, 16 ಬಾತ್ ಆಸುಪಾಸು. ನೀಲಿ ಬಾವುಟದ್ದು ಪ್ರವಾಸಿಗರದು, ದುಬಾರಿ. ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಅರೆಗಳಿಗೆ. ಇಳಿಯುವವರು ಒಂದು ನಿಲ್ದಾಣ ಮೊದಲೇ ಹಿಂಭಾಗಕ್ಕೆ ಬಂದಿರಬೇಕು.

"ಇವತ್ತು ಅರಮನೆ ಮುಚ್ಚಿದೆ" ಎಂದು ದಾರಿಯಲ್ಲಿ ಒಬ್ಬರು ಹೇಳುತ್ತಾರಂತೆ. ನಂಬಬಹುದೇ? — ಹುಬ್ಬಳ್ಳಿ

ಬೇಡ. ಒಳ್ಳೆಯ ಬಟ್ಟೆ ತೊಟ್ಟು, ನಯವಾಗಿ ಮಾತಾಡಿ, ಅಗ್ಗದ ಟುಕ್‌ಟುಕ್ ಹತ್ತಿಸುತ್ತಾರೆ. ಅದು ಹೋಗಿ ನಿಲ್ಲುವುದು ಹರಳಿನ ಅಂಗಡಿ ಮುಂದೆ. ಚಾಲಕನಿಗೆ ಕಮಿಷನ್ ಅಲ್ಲಿಂದ. ಅರಮನೆ, ಅಂದರೆ ಗ್ರ್ಯಾಂಡ್ ಪ್ಯಾಲೇಸ್, ತೆರೆದಿದೆಯೋ ಇಲ್ಲವೋ ಎಂಬುದನ್ನು ಅಲ್ಲಿನ ಟಿಕೆಟ್ ಕಿಟಕಿಯಲ್ಲೇ ಕೇಳಿ. ಬೆಳಿಗ್ಗೆ 8.30ರಿಂದ ಮಧ್ಯಾಹ್ನ 3.30ರವರೆಗೆ ಟಿಕೆಟ್, ವಿದೇಶಿಯರಿಗೆ 500 ಬಾತ್. ಭುಜ, ಮೊಣಕಾಲು ಮುಚ್ಚಿರಬೇಕು. ಎಂಟೂವರೆಗೇ ಹೋಗಿ, ಹತ್ತಾದರೆ ಬಿಸಿಲೂ ಬಸ್ಸುಗಟ್ಟಲೆ ಜನರೂ ಒಟ್ಟಿಗೆ ಬರುತ್ತಾರೆ. ಪಕ್ಕದ ವಾತ್ ಫೋ ದೇವಾಲಯದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನನ್ನು ಬಿಟ್ಟು ಬರಬೇಡಿ.

ಸಸ್ಯಾಹಾರಿಗಳು ಏನು ತಿನ್ನಬೇಕು? — ಉಡುಪಿ

ಅತಿ ಹೆಚ್ಚು ಪತ್ರ ಬಂದಿದ್ದು ಇದಕ್ಕೇ. "ಮಾಂಸ ಬೇಡ" ಎಂದರೆ ಸಾಲದು. ಅಲ್ಲಿನ ಅಡುಗೆಯವರಿಗೆ ಮಾಂಸವೆಂದರೆ ತುಂಡು. ಮೀನಿನ ಸಾಸ್ "ನಾಮ್ ಪ್ಲಾ" ಉಪ್ಪಿನ ಲೆಕ್ಕ. ಬರೀ ತರಕಾರಿ ಹುರಿದರೂ ಆಯ್ಸ್ಟರ್ ಸಾಸ್ ಬೀಳುತ್ತದೆ. ಪಪ್ಪಾಯಿಕಾಯಿಯ "ಸೋಮ್ ತಾಮ್"ಗೆ ಒಣಸೀಗಡಿ ಹಾಕಿ ಕುಟ್ಟುತ್ತಾರೆ. ಗ್ರೀನ್ ಕರಿಯಂಥವು ಇನ್ನೂ ಕಷ್ಟ: ಸೀಗಡಿ ಮಸಾಲೆಯೊಳಗೇ ಅರೆದುಹೋಗಿರುತ್ತದೆ, ತೋಫು ಹಾಕಿಕೊಟ್ಟರೂ ಅದನ್ನು ಬೇರ್ಪಡಿಸಲಾಗದು.

ಹೇಳಬೇಕಾದ ಮಾತು "ಕಿನ್ ಜೇ", ಅಂದರೆ ಜೇ ತಿನ್ನುತ್ತೇನೆ. ಜೇ ಎಂಬುದು ಚೀನೀ ಮೂಲದ ವ್ರತದೂಟ: ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಂಗಡಿ ಮುಂದೆ ಹಳದಿ ಬಾವುಟದ ಮೇಲೆ ಕೆಂಪಕ್ಷರ. ನಮ್ಮ ಕಣ್ಣಿಗೆ 17 ಎಂದು ಬರೆದಂತೆ ಕಾಣುತ್ತದೆ. "ಮಾಂಗ್ಸವಿರತ್" ಎಂಬ ಇನ್ನೊಂದು ಮಾತಿದೆ, ನಮ್ಮ ಮಾಂಸವಿರತಿಯೇ, ಆದರೆ ಅದರಲ್ಲಿ ಮೊಟ್ಟೆ ಇರಬಹುದು. ಮಾಮೂಲಿ ಅಂಗಡಿಯಲ್ಲಿ "ಮೈ ಸಾಯ್ ನಾಮ್ ಪ್ಲಾ" ಅನ್ನಿ, ಮೀನಿನ ಸಾಸ್ ಹಾಕಬೇಡಿ ಎಂದು. ಬಾಣಲೆ ಮಾತ್ರ ಅದೇ ಇರುತ್ತದೆ; ಅದು ಆಗದವರು ಜೇ ಅಂಗಡಿ ಅಥವಾ ಫಾಹುರತ್‌ನ ಭಾರತೀಯ ಹೋಟೆಲುಗಳಿಗೇ ಹೋಗಿ.

ಖಾರದ ಬಗ್ಗೆ ಒಂದು ಮಾತು. ಬ್ಯಾಡಗಿ ತಿಂದ ಧೈರ್ಯದಲ್ಲಿ ಹೋಗಬೇಡಿ. ಅವರ ಪುಟ್ಟ ಮೆಣಸು ನಮ್ಮ ಮಲೆನಾಡಿನ ಜೀರಿಗೆ ಮೆಣಸಿನ ಜಾತಿಯದ್ದು. "ಮೈ ಫೆತ್" ಎಂದರೆ ಖಾರ ಬೇಡ.

ಅಂಗಡಿಯ ಬ್ರೆಡ್ ಮೇಲೆ 2568 ಎಂದು ಮುದ್ರಿಸಿತ್ತು. ತಪ್ಪು ಮುದ್ರಣವೇ? — ಕಲಬುರಗಿ

ಅಲ್ಲ, ಬುದ್ಧ ವರ್ಷ. 543 ಕಳೆಯಿರಿ, 2025 ಸಿಗುತ್ತದೆ. ಬರೀ 68 ಎಂದಿದ್ದರೂ ಅದೇ.