ಮೊಳೆ ಏಕೆ ಮೇಲೇಳುತ್ತದೆ? ಪ್ಯಾಕಿಂಗ್ ಪೆಟ್ಟಿಗೆಯ ಮುಚ್ಚಳದ ಬಗ್ಗೆ ಓದುಗರ ಪ್ರಶ್ನೆಗಳು

ಮರದ ಪೆಟ್ಟಿಗೆಯಲ್ಲಿ ಸರಕು ತುಂಬಿ ಹೊರಗೆ ಕಳಿಸುವವರ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಕೇಳಿದವರ ಸರಕು ಬೇರೆ ಬೇರೆ, ತೊಂದರೆ ಮಾತ್ರ ಒಂದೇ ಕಡೆ: ಮುಚ್ಚಳ.

ಪ್ರಶ್ನೆ: ಯಂತ್ರದ ಬಿಡಿಭಾಗಗಳನ್ನು ಸಿಲ್ವರ್ ಓಕ್ ಹಲಗೆಯ ಪೆಟ್ಟಿಗೆಯಲ್ಲಿ ಹಡಗಿಗೆ ಹಾಕುತ್ತೇವೆ. ಮುಚ್ಚಳದ ಹಲಗೆ 19 ಮಿ.ಮೀ. ದಪ್ಪ, ಮೊಳೆ ಎರಡು ಇಂಚಿನದು. ಇಲ್ಲಿಂದ ಹೊರಡುವಾಗ ಬಿಗಿ ಇರುತ್ತದೆ. ಅಲ್ಲಿ ಇಳಿಸುವಾಗ ಮೊಳೆಯ ತಲೆ ಎರಡು ಮೂರು ಮಿ.ಮೀ. ಮೇಲೆದ್ದು ಮುಚ್ಚಳ ಅಲ್ಲಾಡುತ್ತದೆ. ಇನ್ನೂ ಉದ್ದದ ಮೊಳೆ ಬೇಕೆ? — ಪೀಣ್ಯ, ಬೆಂಗಳೂರು

ಉತ್ತರ: ಉದ್ದ ಆಮೇಲೆ ನೋಡೋಣ. ಮೊದಲು ಮರದ ತೇವ ಅಳೆಯಿರಿ. ಮೊಳೆಯನ್ನು ಹಿಡಿದಿಡುವುದು ಅದನ್ನು ಸುತ್ತಲಿಂದ ಒತ್ತಿಕೊಂಡಿರುವ ಮರದ ನಾರು. ಹಸಿ ಹಲಗೆಯಲ್ಲಿ ಮೊಳೆ ಸಲೀಸಾಗಿ ಇಳಿಯುತ್ತದೆ, ಆ ಹೊತ್ತಿಗೆ ಗಟ್ಟಿಯಾಗಿಯೂ ಕೂರುತ್ತದೆ. ಮರ ಒಣಗುತ್ತಾ ಹೋದಂತೆ ನಾರಿನ ಹಿಡಿತ ಸಡಿಲುತ್ತದೆ. ಜೊತೆಗೆ ಹಲಗೆಯೂ ಅದರ ಕೆಳಗಿನ ಪಟ್ಟಿಯೂ ದಪ್ಪದಲ್ಲಿ ಕುಗ್ಗುತ್ತವೆ, ಮೊಳೆ ಮಾತ್ರ ಇದ್ದಷ್ಟೇ ಉದ್ದ ಉಳಿಯುತ್ತದೆ. ತಲೆ ಮೇಲೆದ್ದಂತೆ ಕಾಣುವುದು ಇದರಿಂದ. ಹಡಗಿನ ಕಂಟೇನರಿನಲ್ಲಿ ಹಗಲು ಕಾವು, ರಾತ್ರಿ ಒಳಗೋಡೆಯಲ್ಲಿ ಇಳಿಯುವ ನೀರು. ಮರ ಉಬ್ಬಿ ಕುಗ್ಗಿ ಮಾಡುವಾಗ ಮೊಳೆ ಸ್ವಲ್ಪ ಸ್ವಲ್ಪವೇ ಹೊರಗೆ ಸರಿಯುತ್ತದೆ, ಉಳಿದದ್ದನ್ನು ಅದುರಾಟ ಪೂರೈಸುತ್ತದೆ.

ತೇವ 20 ಶೇಕಡಕ್ಕಿಂತ ಕೆಳಗಿರಲಿ. ಎರಡು ಸೂಜಿಯ ಮೀಟರನ್ನು ಹಲಗೆಯ ಮೇಲ್ಮೈಗೆ ಚುಚ್ಚಿ ತೃಪ್ತಿಪಡಬೇಡಿ. ಒಂದು ಹಲಗೆಯನ್ನು ನಡುವೆ ಕೊಯ್ದು ಆ ಹೊಸ ಮುಖದಲ್ಲಿ ಅಳೆಯಿರಿ. ಹೊರಗೆ ಒಣಗಿದ್ದರೂ ಒಳಗೆ ಹಸಿ ಇರುವುದು ಸಾಮಾನ್ಯ. ಇಲ್ಲಿ ಹಲವರು ಮೋಸ ಹೋಗುವುದು ಇನ್ನೊಂದು ಕಾರಣಕ್ಕೆ: ಹಲಗೆಯ ಮೇಲೆ ‘ಎಚ್.ಟಿ.’ ಮುದ್ರೆ ಇದೆ, ಹಾಗಾಗಿ ಒಣಗಿದೆ ಎಂದುಕೊಳ್ಳುತ್ತಾರೆ. ಆ ಮುದ್ರೆ ಹೇಳುವುದು ಹುಳ ಸಾಯುವಷ್ಟು ಕಾಯಿಸಿದ್ದಾರೆ ಎಂದಷ್ಟೇ. ಕಾಯಿಸಿದ ಮರ ಹಸಿಯಾಗಿಯೇ ಉಳಿದಿರಬಹುದು.

ಈಗ ಮೊಳೆ. ಮೊಳೆಯ ಉದ್ದದ ಮೂರರಲ್ಲಿ ಎರಡು ಪಾಲು ಕೆಳಗಿನ ಮರದಲ್ಲಿ ಇರಬೇಕು. ನಿಮ್ಮ 19 ಮಿ.ಮೀ. ಹಲಗೆಗೆ ಎರಡೂವರೆ ಇಂಚಿನ, ಅಂದರೆ ಸುಮಾರು 63 ಮಿ.ಮೀ. ಮೊಳೆ ಸರಿ, 44 ಮಿ.ಮೀ. ಕೆಳಗೆ ಇಳಿಯುತ್ತದೆ. ಆದರೆ ಅದು ಇಳಿಯುವ ಮರ ಯಾವುದು ಎಂಬುದು ಉದ್ದಕ್ಕಿಂತ ದೊಡ್ಡ ಮಾತು. ಪಕ್ಕದ ಹಲಗೆಯ ಕೊಯ್ದ ತುದಿಗೆ, ನಾರಿನ ಉದ್ದಕ್ಕೆ ಹೊಡೆದ ಮೊಳೆ ಬಹಳ ಬೇಗ ಕಿತ್ತು ಬರುತ್ತದೆ. ಪೆಟ್ಟಿಗೆಯ ಬಾಯಿಯ ಒಳಸುತ್ತಿಗೆ 50 ಮಿ.ಮೀ. ಆಳದ ಒಂದು ಪಟ್ಟಿ ಕೊಡಿ. ಮುಚ್ಚಳದ ಮೊಳೆ ಆ ಪಟ್ಟಿಯ ನಾರಿಗೆ ಅಡ್ಡಲಾಗಿ ಇಳಿಯಲಿ.

ಮೊಳೆಗಳ ನಡುವೆ 75 ಮಿ.ಮೀ. ಅಂತರ ಸಾಕು. ಎಲ್ಲವನ್ನೂ ಒಂದೇ ಗೆರೆಯಲ್ಲಿ ಹೊಡೆದರೆ ಪಟ್ಟಿ ಆ ಗೆರೆಯಗುಂಟ ಸೀಳುತ್ತದೆ, ಆದ್ದರಿಂದ ಒಂದನ್ನು ಆಚೆ, ಒಂದನ್ನು ಈಚೆ, ಹತ್ತು ಮಿ.ಮೀ. ಸರಿಸಿ ಹೊಡೆಯಿರಿ. ಒಂದು ಮೊಳೆ ತುಸು ಎಡಕ್ಕೆ ಓರೆ, ಮುಂದಿನದು ಬಲಕ್ಕೆ ಓರೆ ಇದ್ದರೆ ಮುಚ್ಚಳ ನೇರ ಮೇಲೆ ಏಳಲಾರದು. ಹಲಗೆಯ ತುದಿಯಲ್ಲಿ ಸೀಳು ಬರುತ್ತಿದ್ದರೆ ಮೊಳೆಯ ದಪ್ಪದ ಮುಕ್ಕಾಲು ಪಾಲಿನ ತೂತು ಮೊದಲೇ ಕೊರೆಯಿರಿ. ಡ್ರಿಲ್ ಕೈಗೆ ಸಿಗದಿದ್ದರೆ ಮೊಳೆಯ ಮೊನೆಯನ್ನು ಸುತ್ತಿಗೆಯಿಂದ ಒಮ್ಮೆ ಕುಟ್ಟಿ ಮೊಂಡು ಮಾಡಿ. ಚೂಪು ಮೊನೆ ನಾರನ್ನು ಸೀಳಿಕೊಂಡು ಹೋಗುತ್ತದೆ, ಮೊಂಡು ಮೊನೆ ಕತ್ತರಿಸಿಕೊಂಡು ಹೋಗುತ್ತದೆ. ಮರ ಪೂರ್ತಿ ಒಣಗಿಸಿ ಕೊಡುವವರು ಸಿಗುವುದಿಲ್ಲ ಎಂದಾದರೆ ನಯವಾದ ಮೊಳೆ ಬಿಟ್ಟು, ಮೈಮೇಲೆ ಬಳೆಬಳೆ ಗೆರೆ ಇರುವ ಮೊಳೆ ಕೊಳ್ಳಿ. ಮರ ಕುಗ್ಗಿದರೂ ಅದು ಹಿಡಿತವನ್ನು ಅಷ್ಟು ಬೇಗ ಬಿಡುವುದಿಲ್ಲ.

ಪ್ರಶ್ನೆ: ಬಂದರಿನಲ್ಲಿ ಕಸ್ಟಮ್ಸ್‌ನವರು ಮುಚ್ಚಳ ಕಿತ್ತು ನೋಡಿ ಮತ್ತೆ ಮೊಳೆ ಹೊಡೆದು ಕಳಿಸುತ್ತಾರೆ. ಆ ಮೇಲೆ ಅದು ನಿಲ್ಲುವುದೇ ಇಲ್ಲ. ಸ್ಕ್ರೂ ಹಾಕಿದರೆ ಆಗುತ್ತದೆಯೇ? — ಮಂಗಳೂರು

ಉತ್ತರ: ಆಗುತ್ತದೆ, ಹಾಕಬೇಕು ಕೂಡ. ತೆರೆಸುವ ಸಂಭವ ಇರುವ ಯಾವ ಪೆಟ್ಟಿಗೆಗೂ ಮುಚ್ಚಳಕ್ಕೆ ಮೊಳೆ ಬೇಡ. ಒಮ್ಮೆ ಮೊಳೆ ಕಿತ್ತ ತೂತಿಗೆ ಮತ್ತೆ ಅದೇ ಮೊಳೆ ಹೊಡೆದರೆ ಹಿಡಿತ ಹೆಸರಿಗಷ್ಟೇ. ಕೀಳುವಾಗ ಹಲಗೆಯೂ ಸೀಳಿರುತ್ತದೆ.

19 ಮಿ.ಮೀ. ಮುಚ್ಚಳಕ್ಕೆ 5 ಮಿ.ಮೀ. ದಪ್ಪ, 60 ಮಿ.ಮೀ. ಉದ್ದದ ಸತುವಿನ ಲೇಪದ ಮರದ ಸ್ಕ್ರೂ ಒಳ್ಳೆಯದು. ಮುಚ್ಚಳದ ಹಲಗೆಯಲ್ಲಿ 5.5 ಮಿ.ಮೀ. ತೂತು, ಕೆಳಗಿನ ಪಟ್ಟಿಯಲ್ಲಿ ಪೈನಿನಂಥ ಮೆದು ಮರವಾದರೆ 3, ನೀಲಗಿರಿಯಾದರೆ 3.5 ಮಿ.ಮೀ. ತೂತು. ಮುಚ್ಚಳದ ತೂತಿನಲ್ಲಿ ಸ್ಕ್ರೂ ಸಡಿಲವಾಗಿ ಓಡಾಡಬೇಕು, ಇದನ್ನು ಬಿಡಬೇಡಿ. ಸ್ಕ್ರೂ ಮೈಮೇಲಿನ ಎಳೆ, ಅಂದರೆ ಸುರುಳಿ ಗೆರೆ, ಎರಡೂ ಮರಕ್ಕೆ ಕಚ್ಚಿಕೊಂಡರೆ ನಡುವೆ ಬಿಟ್ಟ ಸಂದು ಹಾಗೆಯೇ ಉಳಿಯುತ್ತದೆ, ಎಷ್ಟು ತಿರುಗಿಸಿದರೂ ಮುಚ್ಚಳ ಕೆಳಗೆ ಬರುವುದಿಲ್ಲ. ತಲೆಯ ಕೆಳಗೆ ಅಗಲ ವಾಷರ್ ಇರಲಿ, ಇಲ್ಲದಿದ್ದರೆ ತಲೆ ಮೆದು ಮರದೊಳಗೆ ಮುಳುಗುತ್ತದೆ. ಅಂತರ 150 ಮಿ.ಮೀ., ಮೂಲೆಯಿಂದ ಮೊದಲನೆಯದು 50 ಮಿ.ಮೀ. ದೂರ.

ಪ್ಲಾಸ್ಟರ್ ಬೋರ್ಡಿಗೆ ಹಾಕುವ ಕರಿ ಸ್ಕ್ರೂ ಅಗ್ಗ ಎಂದು ಪೆಟ್ಟಿಗೆಗೆ ಬಳಸುವವರು ಬಹಳ. ಅದು ಗಡಸು ಉಕ್ಕು. ಪೆಟ್ಟಿಗೆ ಪಕ್ಕಕ್ಕೆ ಓಲಿದಾಗ ಬಾಗದೆ ಕಟ್ಟನೆ ಮುರಿಯುತ್ತದೆ. ಡ್ರಿಲ್ಲಿನ ಕ್ಲಚ್ಚನ್ನು ಹದಕ್ಕೆ ಇಡಿ. ತಲೆ ವಾಷರಿಗೆ ತಾಗಿದ ಮೇಲೂ ತಿರುಗಿಸುತ್ತ ಹೋದರೆ ಮರದಲ್ಲಿ ಕೊರೆದ ಎಳೆ ಪುಡಿಯಾಗುತ್ತದೆ, ಮೇಲಿನಿಂದ ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ತೆರೆಯುವವರ ಕೈಯಲ್ಲಿ ಏನಿರುತ್ತದೆ ಎಂದೂ ಯೋಚಿಸಿ. ಎಲ್ಲ ಸ್ಕ್ರೂಗೂ ಒಂದೇ ಬಗೆಯ ತಲೆ ಇರಲಿ. ಆರು ಮೂಲೆಯ ತಲೆಯಾದರೆ ಎಲ್ಲ ದೇಶದಲ್ಲೂ ಸ್ಪ್ಯಾನರ್ ಸಿಗುತ್ತದೆ. ಮುಚ್ಚಳದ ಸ್ಕ್ರೂಗಳ ಸುತ್ತ ಮಾತ್ರ ಹಳದಿ ಬಣ್ಣದ ಉಂಗುರ ಬಳಿಯಿರಿ. ಇಲ್ಲದಿದ್ದರೆ ಪಕ್ಕದ ಹಲಗೆಯ ಸ್ಕ್ರೂಗಳನ್ನೂ ಬಿಚ್ಚುತ್ತಾರೆ, ಪೆಟ್ಟಿಗೆಯ ಮೈಯೇ ಬಿಚ್ಚಿಕೊಳ್ಳುತ್ತದೆ. ಹತ್ತು ಸ್ಕ್ರೂ ವಾಷರಿನ ಪೊಟ್ಟಣವೊಂದನ್ನು ಮುಚ್ಚಳದ ಒಳಮೈಗೆ ಸ್ಟೇಪಲ್ ಮಾಡಿ. ಕಳೆದ ಸ್ಕ್ರೂ ಬದಲಿಗೆ ಮೊಳೆ ಹೊಡೆಯುವ ಪ್ರಮೇಯ ಅಲ್ಲಿಗೆ ತಪ್ಪುತ್ತದೆ.

ಪ್ರಶ್ನೆ: ನಮ್ಮ ಪೆಟ್ಟಿಗೆಗಳು ಎರಡು ಕಾರ್ಖಾನೆಗಳ ನಡುವೆ ಹೋಗಿ ಬರುತ್ತವೆ, ತಿಂಗಳಿಗೆ ನಾಲ್ಕು ಸಲ ತೆರೆದು ಮುಚ್ಚಬೇಕು. ಸ್ಕ್ರೂ ತೂತುಗಳು ದೊಡ್ಡದಾಗಿವೆ. — ಬಿಡದಿ

ಉತ್ತರ: ಮರದಲ್ಲೇ ಎಳೆ ಕೊರೆದು ಹಿಡಿಯುವ ಯಾವುದೂ ಇಷ್ಟು ಸಲ ತಾಳುವುದಿಲ್ಲ. ಲೋಹಕ್ಕೆ ಲೋಹ ಕಚ್ಚುವಂತೆ ಮಾಡಿ. ಅಗ್ಗವೂ ಗಟ್ಟಿಯೂ ಆದದ್ದು ಟಿ-ನಟ್ಟು ಮತ್ತು 8 ಮಿ.ಮೀ. ಬೋಲ್ಟು. ನಾಲ್ಕು ಹಲ್ಲಿರುವ ಚಪ್ಪಟೆ ತಲೆ, ಅದರಿಂದ ಹೊರಟ ಎಳೆ ಕೊರೆದ ಕೊಳವೆ, ಇಷ್ಟೇ ಅದರ ರಚನೆ. ಕೊಳವೆಯ ಹೊರ ಅಳತೆಗೆ ತಕ್ಕ ತೂತು ಕೊರೆದು, ಒಳಪಟ್ಟಿಯ ಕೆಳಮುಖದಿಂದ ಬಡಿದು ಕೂರಿಸಬೇಕು. ಮೇಲಿನಿಂದ ಬೋಲ್ಟು ಬಿಗಿಸಿದಾಗ ನಟ್ಟು ಮೇಲಕ್ಕೆ ಎಳೆಯಲ್ಪಟ್ಟು ಹಲ್ಲುಗಳು ಇನ್ನೂ ಆಳಕ್ಕೆ ಕಚ್ಚುತ್ತವೆ. ಕೆಲಸ ಸುಲಭವೆಂದು ಮೇಲ್ಮುಖದಲ್ಲಿ ಬಡಿದರೆ ಮೊದಲ ಬಿಗಿತಕ್ಕೇ ಹಲ್ಲು ಕಿತ್ತು, ನಟ್ಟು ಬೋಲ್ಟಿನ ಜೊತೆ ಸುತ್ತತೊಡಗುತ್ತದೆ. ಆಗ ಬೋಲ್ಟನ್ನು ಕೊಯ್ಯದೆ ಬೇರೆ ದಾರಿಯಿಲ್ಲ. ಹಲ್ಲಿನ ಸುತ್ತ ಒಂದೆರಡು ಹನಿ ಎಪಾಕ್ಸಿ ಇಟ್ಟರೆ ನಿಶ್ಚಿಂತೆ. ಬೋಲ್ಟಿನ ಎಳೆಗೆ ಸ್ವಲ್ಪ ಗ್ರೀಸ್ ಸವರಿ, ಮೊದಲ ಮೂರು ಸುತ್ತು ಕೈಯಲ್ಲೇ ತಿರುಗಿಸಿ.

ಬೋಲ್ಟು ಬಿಚ್ಚುವ ಹೊತ್ತೂ ಇಲ್ಲವೆಂದರೆ ಎಳೆದು ಬಿಗಿಯುವ ಚಿಲಕ, ಚಿಟ್ಟೆಯಾಕಾರದ ಹಿಡಿ ತಿರುಗಿಸುವ ಚಿಲಕ ಇವೆ. ಇವು ಕೆಡುವುದು ತಮ್ಮ ಯಂತ್ರದಿಂದಲ್ಲ, ಕೂರಿಸಿದ ರೀತಿಯಿಂದ. ಮರದ ಸ್ಕ್ರೂನಿಂದ ಕೂರಿಸಿದ ಚಿಲಕ ವಾರದಲ್ಲಿ ಕಿತ್ತು ಬರುತ್ತದೆ. ಹಲಗೆಯ ಈ ಮುಖದಿಂದ ಆ ಮುಖಕ್ಕೆ ಹಾಯುವ ತೂತಿನಲ್ಲಿ ಬೋಲ್ಟು ಅಥವಾ ರಿವೆಟ್ ಹಾಕಿ, ಒಳಮುಖದಲ್ಲಿ ಲೋಹದ ಪಟ್ಟಿ ಕೊಡಿ. ಮೈಯಿಂದ ಹೊರಗೆ ಚಾಚಿಕೊಂಡ ಚಿಲಕಕ್ಕೆ ಫೋರ್ಕ್‌ಲಿಫ್ಟ್ ತಾಗದೆ ಬಿಡುವುದಿಲ್ಲ. ಹಲಗೆಯಲ್ಲಿ ಗುಂಡಿ ಕೊರೆದು ಒಳಗೆ ಕೂರಿಸಿ, ಇಲ್ಲವೇ ಎರಡೂ ಪಕ್ಕ ಅದಕ್ಕಿಂತ ಎತ್ತರದ ರೀಪು ಬಡಿಯಿರಿ.

ತೆಳು ಪ್ಲೈವುಡ್ಡಿನ ಅಂಚಿಗೆ ತಗಡಿನ ಪಟ್ಟಿ, ಆ ಪಟ್ಟಿಯಿಂದ ಹೊರಟ ನಾಲಗೆಗಳನ್ನು ಸೀಳಿನಲ್ಲಿ ತೂರಿಸಿ ಸುತ್ತಿಗೆಯಿಂದ ಮಡಿಸುವ ಪೆಟ್ಟಿಗೆಗಳ ಬಗ್ಗೆಯೂ ಕೇಳಿದ್ದೀರಿ. ಹಗುರ, ಮಡಚಿ ಇಡಬಹುದು, ನಿಜ. ಆದರೆ ನಾಲಗೆ ಪ್ರತಿ ಸಲ ಮಡಿಸಿ ಬಿಡಿಸಿದಾಗ ಅದೇ ಗೆರೆಯಲ್ಲಿ ಗಡಸಾಗುತ್ತ ಬಂದು ಕೆಲವೇ ಸಲಕ್ಕೆ ತುಂಡಾಗುತ್ತದೆ. ತಿಂಗಳಿಗೆ ನಾಲ್ಕು ಸಲ ಅದರ ಕೆಲಸವಲ್ಲ.

ಪ್ರಶ್ನೆ: 120 ಕಿಲೋ ತೂಕದ ಕಲ್ಲಿನ ವಿಗ್ರಹ ವಿದೇಶಕ್ಕೆ ಕಳಿಸಬೇಕು. ಮೊಳೆ ಬೇಡ, ಸುತ್ತ ಉಕ್ಕಿನ ಪಟ್ಟಿ ಬಿಗಿದರೆ ಸಾಕು ಎನ್ನುತ್ತಾರೆ. — ಶಿವಾರಪಟ್ಟಣ, ಮಾಲೂರು ತಾಲ್ಲೂಕು

ಉತ್ತರ: ಸಾಲದು. ಪಟ್ಟಿ ಮುಚ್ಚಳವನ್ನು ಕೆಳಕ್ಕೆ ಒತ್ತುತ್ತದೆ, ಪಕ್ಕಕ್ಕೆ ಜಾರುವುದನ್ನು ತಡೆಯುವುದಿಲ್ಲ. ಪೆಟ್ಟಿಗೆಯ ನಾಲ್ಕು ಗೋಡೆ ಓರೆಯಾಗದಂತೆ ಹಿಡಿಯುವುದರಲ್ಲಿ ಮುಚ್ಚಳದ ಪಾಲು ದೊಡ್ಡದು, ಆ ಕೆಲಸಕ್ಕೆ ಸ್ಕ್ರೂ ಬೇಕೇ ಬೇಕು. ಮೊದಲು ಸ್ಕ್ರೂ, ಅದರ ಮೇಲೆ ಪಟ್ಟಿ.

ಪಟ್ಟಿ 19 ಮಿ.ಮೀ. ಅಗಲದ್ದಿರಲಿ, ಎರಡು ಸುತ್ತು. ಒಳಗೆ ಅಡ್ಡಪಟ್ಟಿ ಇರುವ ಜಾಗದ ಮೇಲೆಯೇ ಹಾಯಲಿ. ಬರೀ ಹಲಗೆಯ ಮೇಲೆ ಹಾಯಿಸಿದರೆ ಹಲಗೆ ಒಳಕ್ಕೆ ಬಾಗುತ್ತದೆ. ಮೂಲೆಗಳಿಗೆ ತಗಡಿನ ಕಾಪು ಕೊಡಿ, ಇಲ್ಲದಿದ್ದರೆ ಪಟ್ಟಿ ಮರವನ್ನು ಕೊಯ್ದು ಒಳಗಿಳಿದು ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ತಳದಲ್ಲಿ ಪಟ್ಟಿ ಹಾಯುವ ಕಡೆ ಒಂದು ಕಚ್ಚು ಕೊರೆದು ಒಳಗೆ ಕೂರಿಸಿ. ಫೋರ್ಕಿನ ತುದಿ ಮೊದಲು ಹರಿಯುವುದು ಅಲ್ಲಿಯೇ.

ಉಕ್ಕು ಹೆಚ್ಚು ಹಿಗ್ಗುವುದಿಲ್ಲ. ಮರ ಒಣಗಿ ಐದು ಮಿ.ಮೀ. ಕುಗ್ಗಿದರೆ ಪಟ್ಟಿ ಜೋತುಬೀಳುತ್ತದೆ. ಹಲಗೆ ಪೂರ್ತಿ ಒಣಗಿಲ್ಲ ಎಂಬ ಅನುಮಾನವಿದ್ದರೆ ಪಾಲಿಯೆಸ್ಟರ್ ಪಟ್ಟಿ ವಾಸಿ. ಅದು ಬಿಗಿದಾಗ ಹಿಗ್ಗಿ, ಮರ ಕುಗ್ಗಿದಂತೆ ತಾನೂ ಕುಗ್ಗಿ ಬಿಗಿ ಉಳಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಇರುವ ಅಗ್ಗದ ಪಾಲಿಪ್ರೊಪಿಲೀನ್ ಪಟ್ಟಿ ಇದಕ್ಕಲ್ಲ, ದಿನ ಕಳೆದಂತೆ ಅದರ ಬಿಗಿ ಇಳಿಯುತ್ತದೆ.

ಕೇಳದೆ ಇದ್ದರೂ ಒಂದು ಮಾತು. ಮುಚ್ಚಳ ಬಿಗಿದು ವಿಗ್ರಹವನ್ನು ಅದುಮಿ ಹಿಡಿಯುವ ಲೆಕ್ಕ ಹಾಕಬೇಡಿ. ವಿಗ್ರಹ ತನ್ನ ತಳದ ಚೌಕಟ್ಟಿಗೆ ತಾನೇ ಭದ್ರವಾಗಿ ನಿಂತಿರಬೇಕು, ಮುಚ್ಚಳ ತೆಗೆದಿಟ್ಟರೂ ಅಲುಗಾಡಬಾರದು. ಕಿರೀಟಕ್ಕೆ ತಾಗಿದ ಮುಚ್ಚಳದ ಮೇಲೆ ಇನ್ನೊಂದು ಪೆಟ್ಟಿಗೆ ಏರಿದರೆ ಏನಾಗುತ್ತದೆಂದು ಶಿಲ್ಪಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಮುದ್ರೆ ಇರುವ ಪೆಟ್ಟಿಗೆಗೆ ನಾವೇ ಒಂದು ರೀಪು ಸೇರಿಸಿದರೆ ತೊಂದರೆಯೇ? ಮೊಳೆ, ಕ್ಲಿಪ್ಪುಗಳಿಗೂ ನಿಯಮ ಇದೆಯೇ? — ಜಿಗಣಿ

ಉತ್ತರ: ಲೋಹಕ್ಕೆ ಇಲ್ಲ. 2002ರಲ್ಲಿ ಒಪ್ಪಿದ ಐ.ಎಸ್.ಪಿ.ಎಂ. 15 ಎಂಬ ಅಂತರರಾಷ್ಟ್ರೀಯ ನಿಯಮ ಹಸಿ ಮರದಲ್ಲಿ ಹುಳ ದೇಶ ದಾಟದಿರಲಿ ಎಂದು ಬಂದದ್ದು. ಕಾಯಿಸುವ ಸಾಮಾನ್ಯ ವಿಧಾನದಲ್ಲಿ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 30 ನಿಮಿಷ ಇರಬೇಕು. ಪ್ಲೈವುಡ್ಡಿಗೂ, 6 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಮರಕ್ಕೂ ವಿನಾಯಿತಿ. ನೀವು ಸೇರಿಸುವ ರೀಪು ಅದಕ್ಕಿಂತ ದಪ್ಪವಾದರೆ ಅದೂ ಕಾಯಿಸಿ ಮುದ್ರೆ ಪಡೆದ ಮರವಾಗಿರಬೇಕು. ಮುಚ್ಚಳ ಬಿಗಿಯಲು ಕೊನೇ ಗಳಿಗೆಯಲ್ಲಿ ಮೂಲೆಯಿಂದ ಹೆಕ್ಕಿ ಬಡಿದ ಒಂದು ತುಂಡು, ಅದೂ ತೊಗಟೆ ಸಮೇತ, ಇಡೀ ಕಂಟೇನರನ್ನು ನಿಲ್ಲಿಸಬಲ್ಲದು. ರಿಪೇರಿಯಲ್ಲಿ ಪೆಟ್ಟಿಗೆಯ ಸುಮಾರು ಮೂರನೇ ಒಂದು ಪಾಲಿಗಿಂತ ಹೆಚ್ಚು ಮರ ಬದಲಾದರೆ ಹಳೆಯ ಮುದ್ರೆ ಅಳಿಸಿ, ಪೂರ್ತಿ ಕಾಯಿಸಿ, ಹೊಸ ಮುದ್ರೆ ಹಾಕಿಸಬೇಕು. ಪಟ್ಟಿ, ಚಿಲಕ, ಮೂಲೆತಗಡು ಇವು ಮುದ್ರೆಯನ್ನು ಮುಚ್ಚದಂತೆ ಜಾಗ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಪೆಟ್ಟಿಗೆಗೆ ಬೀಗ ಹಾಕಬಹುದೇ? — ಹುಬ್ಬಳ್ಳಿ

ಉತ್ತರ: ಹಾಕಬಹುದು. ಕೊಂಡಿ ಮಡಿಸಿದಾಗ ಅದರ ಸ್ಕ್ರೂ ತಲೆಗಳೆಲ್ಲ ಕೊಂಡಿಯಡಿ ಮುಚ್ಚಿಹೋಗಬೇಕು. ಹೊರಗೆ ಕಾಣುತ್ತಿದ್ದರೆ ಬೀಗ ತೆರೆಯದೆಯೇ ಕೊಂಡಿ ಕಳಚುತ್ತಾರೆ.

ಪ್ರಶ್ನೆ: ಅಮೆರಿಕದಿಂದ ಮಗನ ಮನೆ ಸಾಮಾನು ಬಂದಿದೆ. ಮುಚ್ಚಳಕ್ಕೆ ತುಂಬ ಮೊಳೆ. ಹಲಗೆ ಒಡೆಯದೆ ತೆಗೆಯುವುದು ಹೇಗೆ? — ಮೈಸೂರು

ಉತ್ತರ: ಮೊಳೆಯ ತಲೆಗೆ ಕೈ ಹಾಕಬೇಡಿ, ಹಲಗೆಯನ್ನು ಎತ್ತಿ. ಚಪ್ಪಟೆ ಸಲಾಕೆಯನ್ನು ಮೂಲೆಯ ಮೊಳೆಯ ಪಕ್ಕದಲ್ಲೇ, ಹಲಗೆಗೂ ಪಟ್ಟಿಗೂ ನಡುವಿನ ಸಂದಿನಲ್ಲಿ ಬಡಿದು ಕೂರಿಸಿ, ಹತ್ತು ಮಿ.ಮೀ.ನಷ್ಟು ಮಾತ್ರ ಮೇಲೆತ್ತಿ. ಮುಂದಿನ ಮೊಳೆಗೆ ಸರಿಯಿರಿ. ಒಂದೇ ಕಡೆ ಎತ್ತುತ್ತ ಹೋದರೆ ಹಲಗೆ ಸೀಳುತ್ತದೆ. ಒಂದು ಸುತ್ತು ಮುಗಿದ ಮೇಲೆ ಮರದ ತುಂಡಿಟ್ಟು ಹಲಗೆಯನ್ನು ಕೆಳಕ್ಕೆ ಬಡಿಯಿರಿ. ಹಲಗೆ ಇಳಿಯುತ್ತದೆ, ಮೊಳೆಯ ತಲೆಗಳು ಮೇಲೆ ನಿಲ್ಲುತ್ತವೆ. ಈಗ ಕೊಕ್ಕೆ ಸುತ್ತಿಗೆಯಿಂದ ಕೀಳಬಹುದು, ಸುತ್ತಿಗೆಯ ಅಡಿಗೆ ಚಕ್ಕೆಯೊಂದು ಇಟ್ಟುಕೊಳ್ಳಿ. ಬಳೆಗೆರೆಯ ಮೊಳೆಯಾದರೆ ಈ ಶ್ರಮ ವ್ಯರ್ಥ. ಎತ್ತಿದ ಸಂದಿನಲ್ಲಿ ಹ್ಯಾಕ್ಸಾ ಬ್ಲೇಡು ತೂರಿಸಿ ಮೊಳೆಯನ್ನೇ ಕೊಯ್ದುಬಿಡಿ. ಕೈಗೆ ದಪ್ಪ ಕೈಗವಸು ಇರಲಿ, ಪಟ್ಟಿಯಲ್ಲಿ ಉಳಿದ ಮೊಳೆತುದಿಗಳನ್ನು ಸಾಮಾನು ಹೊರತೆಗೆಯುವ ಮೊದಲೇ ಬಡಿದು ಮಟ್ಟ ಮಾಡಿ.