ರಾಗಿ, ಸಕ್ಕರೆ ಕಾಯಿಲೆ ಮತ್ತು ಒಂಟಿ ಆಯ್ಕೆ

ಪ್ರಶ್ನೆ: ರಾಗಿ ಮತ್ತು ಸಕ್ಕರೆ ಕಾಯಿಲೆ ಬಗ್ಗೆ ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ವಿಷಯದ ಅಧ್ಯಯನಗಳನ್ನೆಲ್ಲ ಕ್ರಮಬದ್ಧವಾಗಿ ಹುಡುಕಿ, ಆರಿಸಿ, ಪರಿಶೀಲಿಸುವುದು) ಮಾಡುತ್ತಿದ್ದೇನೆ. ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಲೇಖನಗಳ ಆನ್‌ಲೈನ್ ಸಂಗ್ರಹ) ಹುಡುಕಿ, ಅಧ್ಯಯನಗಳನ್ನು ಒಬ್ಬಳೇ ಆರಿಸಿದರೆ ಸಾಕೇ?
– ಸ್ನಾತಕೋತ್ತರ ವಿದ್ಯಾರ್ಥಿನಿ, ಜಯನಗರ, ಬೆಂಗಳೂರು

ಉತ್ತರ: ಸಾಲದು. ಎಂಬೇಸ್, ಕಾಕ್ರೇನ್ ಸೆಂಟ್ರಲ್ ಎಂಬ ಸಂಗ್ರಹಗಳನ್ನು ಕೂಡ ನೋಡಿ. ನಮ್ಮ ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿಗಳನ್ನೂ ಬಿಡಬೇಡಿ. ಮುಗಿದರೂ ಪ್ರಕಟವಾಗದ ಪ್ರಯೋಗಗಳ ಸುಳಿವು ಸಿಗುವುದು ಅಲ್ಲೇ. ಬರೀ ‘ರಾಗಿ’ ಎಂದು ಹುಡುಕಿದರೆ ಬಹಳಷ್ಟು ತಪ್ಪಿಹೋಗುತ್ತದೆ. ‘ಫಿಂಗರ್ ಮಿಲ್ಲೆಟ್’, ‘ಎಲುಸಿನ್ ಕೊರಕಾನಾ’ (ರಾಗಿಯ ವೈಜ್ಞಾನಿಕ ಹೆಸರು) ಪದಗಳನ್ನು ‘ಆರ್’ (OR, ಯಾವುದಾದರೂ ಒಂದಿದ್ದರೆ ಸಾಕು) ಹಾಕಿ ಸೇರಿಸಿ, ಆ ಗುಂಪನ್ನು ಡಯಾಬಿಟಿಸ್ ಪದಗಳ ಗುಂಪಿಗೆ ‘ಆಂಡ್’ನಿಂದ (AND, ಎರಡೂ ಇರಬೇಕು) ಜೋಡಿಸಿ.

ಆಯ್ಕೆಗೆ ಇಬ್ಬರು ಬೇಕು, ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ಕಾಣದಂತೆ. ಮೊದಲು 50 ಸಾರಾಂಶಗಳನ್ನು ಇಬ್ಬರೂ ಓದಿ ಹೋಲಿಸಿ. ತಕರಾರು ಬಂದರೆ ಸಾಮಾನ್ಯವಾಗಿ ಆಯ್ಕೆಯ ನಿಯಮವೇ ಸಡಿಲವಾಗಿರುತ್ತದೆ: ರಾಗಿ ಬಿಸ್ಕತ್ತು ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಹಾಂ, ಪ್ರಾಸ್ಪೆರೋ (ಇಂಥ ರಿವ್ಯೂಗಳ ಯೋಜನೆಯನ್ನು ಮೊದಲೇ ದಾಖಲಿಸುವ ತಾಣ) ನೋಂದಣಿ ಇದೆಲ್ಲಕ್ಕೂ ಮುಂಚೆ.